ಗೊದಮೊಟ್ಟೆ ಎಂಬ ಮಾತು



ದತ್ತಿ ಉಪನ್ಯಾಸಕ್ಕೆ ಒಬ್ಬ ಕವಿಯನ್ನೋ ಒಂದು ಕಾವ್ಯವನ್ನೋ ಆರಿಸಿಕೊಳ್ಳುವುದು ರೂಢಿ. ನಾನು ಒಂದೇ ಒಂದು ಪದವನ್ನು ಆರಿಸಿಕೊಂಡು ಬಂದಿದ್ದೇನೆ. ಅದು ಗೊದಮೊಟ್ಟೆ. ಇದಕ್ಕೆ ಕಾರಣಳಾದವಳು ಆರನೆಯ ತರಗತಿಯ ಒಬ್ಬ ಹುಡುಗಿ. ಹೋದ ಮಳೆಗಾಲದಲ್ಲಿ ಒಂದು ಹಳ್ಳಿಶಾಲೆಗೆ ಹೋಗಿದ್ದೆ. ಅವಳು ಎದ್ದು ನಿಂತು, "ಸರ್, ಗೊದಮೊಟ್ಟೆ ಅಂದ್ರೆ ಕಪ್ಪೆ ಮೊಟ್ಟೆನಾ, ಕಪ್ಪೆ ಮರಿನಾ?" ಎಂದು ಕೇಳಿದಳು. ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಮೊಟ್ಟೆ ಅಂದರು, ಉಳಿದರ್ಧ ಮರಿ ಅಂದರು. ಎರಡೂ ಅಲ್ಲ ಎಂದು ಹೇಳುವಷ್ಟು ನನಗೆ ಗೊತ್ತಿತ್ತು. ಹಾಗಾದರೆ ಹೆಸರಿನೊಳಗೆ ಮೊಟ್ಟೆ ಹೇಗೆ ಬಂತು ಎಂದು ಆಕೆ ಮತ್ತೆ ಕೇಳಿದಾಗ, ಗಂಟೆ ಹೊಡೆಯಿತು. ಆ ಮಗುವಿಗೆ ಕೊಡಬೇಕಾಗಿದ್ದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೂರು ಹೆಸರು, ಮೂರು ಬಾಳು

ಮೊದಲು ಅರ್ಥ. ರೋಹಿಣಿಯೋ ಮೃಗಶಿರವೋ ಸುರಿದ ರಾತ್ರಿ ಹೊಂಡದ ದಂಡೆಯಲ್ಲಿ ಕಪ್ಪೆಗಳ ಗದ್ದಲ ಏಳುತ್ತದೆ. ಬೆಳಗ್ಗೆ ಹೋಗಿ ನೋಡಿದರೆ ನೀರಿನಲ್ಲಿ ಲೋಳೆಯ ಮುದ್ದೆ, ಅದರೊಳಗೆ ಕರಿಯ ಚುಕ್ಕೆಗಳು. ನೆಲಗಪ್ಪೆಯದಾದರೆ ಮುದ್ದೆಯಲ್ಲ, ಕರಿಮಣಿ ಪೋಣಿಸಿದ ಉದ್ದನೆಯ ಎಳೆ. ಮರಗಪ್ಪೆಯದಾದರೆ ನೀರಿನ ಮೇಲೆ ಬಾಗಿದ ಕೊಂಬೆಗೆ ಅಂಟಿಸಿದ ನೊರೆಯ ಗೂಡು. ಇವು ಮೊಟ್ಟೆಗಳು. ಅವು ಒಡೆದು ಹೊರಬರುವುದು ಗೊದಮೊಟ್ಟೆ: ಉರುಟು ಮೈ, ಅದಕ್ಕೊಂದು ಚಪ್ಪಟೆ ಬಾಲ, ಕಾಲಿಲ್ಲ. ಅದು ಮೀನಿನಂತೆ ಕಿವಿರಿನಿಂದ ಉಸಿರಾಡುತ್ತದೆ. ಬಹುಪಾಲು ಜಾತಿಗಳಲ್ಲಿ ಪುಟ್ಟ ಗಟ್ಟಿ ಕೊಕ್ಕಿನಿಂದ ಕಲ್ಲಿನ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ. ಪಾಚಿ ಜೀರ್ಣವಾಗಲು ಉದ್ದನೆಯ ಕರುಳು ಬೇಕು. ಆ ಕರುಳು ಚಕ್ಕುಲಿಯಂತೆ ಸುರುಳಿಸುತ್ತಿಕೊಂಡು ತೆಳು ಹೊಟ್ಟೆಯ ಮೂಲಕ ಕಾಣುತ್ತದೆ.

ಆಮೇಲೆ ಹಿಂಗಾಲು ಮೂಡುತ್ತವೆ, ಬಳಿಕ ಮುಂಗಾಲು. ಬಾಲ ಹೋಗುತ್ತದೆ. ಅದು ಉದುರಿಬೀಳುತ್ತದೆ ಎಂದು ನಾವೆಲ್ಲ ಚಿಕ್ಕಂದಿನಲ್ಲಿ ನಂಬಿದ್ದೆವು. ಉದುರುವುದಿಲ್ಲ, ಮೈ ಅದನ್ನು ತನ್ನೊಳಕ್ಕೆ ಹೀರಿಕೊಳ್ಳುತ್ತದೆ. ಕರುಳು ಮೋಟಾಗುತ್ತದೆ, ಕೊಕ್ಕು ಹೋಗಿ ಅಗಲ ಬಾಯಿ ಬರುತ್ತದೆ, ಕಿವಿರು ಮುಚ್ಚಿ ಶ್ವಾಸಕೋಶ ಕೆಲಸಕ್ಕೆ ನಿಲ್ಲುತ್ತದೆ. ಪಾಚಿ ತಿನ್ನುತ್ತಿದ್ದ ಜೀವ ಹುಳ ಹಿಡಿಯುವ ಜೀವವಾಗಿ ದಡ ಹತ್ತುತ್ತದೆ. ಹೆಬ್ಬೆರಳ ಉಗುರಿನಷ್ಟಿದ್ದರೂ ನಾಲ್ಕು ಕಾಲಿನ ಇಡೀ ಕಪ್ಪೆ ಅದು. ಕಪ್ಪೆಮರಿ ಎನ್ನಬೇಕಾದದ್ದು ಇದನ್ನು.

ಅಂದರೆ ಮೊಟ್ಟೆ, ಗೊದಮೊಟ್ಟೆ, ಕಪ್ಪೆಮರಿ ಈ ಮೂರೂ ಬೇರೆ ಬೇರೆ ಬಾಳುಗಳು. ಕರು ಎಂದರೆ ಚಿಕ್ಕ ಹಸು, ಕುನ್ನಿ ಎಂದರೆ ಚಿಕ್ಕ ನಾಯಿ. ನೋಡಿದೊಡನೆ ತಾಯಿಯ ಹೋಲಿಕೆ ಕಾಣುತ್ತದೆ. ಗೊದಮೊಟ್ಟೆಯಲ್ಲಿ ತಾಯಿಯ ಹೋಲಿಕೆ ಏನೂ ಇಲ್ಲ. ಅದು ಉಣ್ಣುವುದು, ಉಸಿರಾಡುವುದು, ಚಲಿಸುವುದು ಎಲ್ಲವೂ ಬೇರೆ. ನಮ್ಮ ಹಿಂದಿನವರು ಅದನ್ನು ಕಪ್ಪೆಯ ಮರಿ ಎಂದು ಕರೆದು ಕೈತೊಳೆದುಕೊಳ್ಳಲಿಲ್ಲ. ಅದಕ್ಕೇ ಒಂದು ಹೆಸರು ಕೊಟ್ಟರು, ಆ ಹೆಸರಿನೊಳಗೆ ಕಪ್ಪೆಯನ್ನು ತರಲೇ ಇಲ್ಲ. ಇವತ್ತು ನಾನು ಹೇಳಬೇಕಾದ ಮುಖ್ಯ ಮಾತು ಇಷ್ಟೆ: ಗೊದಮೊಟ್ಟೆ ಎಂಬ ಪದ ಬರೀ ಹೆಸರಲ್ಲ, ಹೊಂಡದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿದವರು ನಮಗೆ ಬಿಟ್ಟುಹೋದ ತಿಳಿವಳಿಕೆ.

ಈ ಸಭೆಗೆ ಬಂದಿರುವ ಚನ್ನಗಿರಿಯ ಅಡಿಕೆ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊರಗಿನವರಿಗೆ ಅಡಿಕೆ ಒಂದೇ ಪದ. ನಿಮಗೆ ಹಿಂಗಾರ, ಹಸಿ ಅಡಿಕೆ, ಗೋಟು, ಚಾಲಿ, ಬೆಟ್ಟೆ, ರಾಶಿ, ಗೊರಬಲು. ಯಾವುದನ್ನು ಯಾವುದೆಂದು ಕರೆದರೂ ನಡೆಯುತ್ತದೆ ಎಂದು ಮಂಡಿಯಲ್ಲಿ ಯಾರೂ ಒಪ್ಪುವುದಿಲ್ಲ. ಬಾಳಿಗೆ ಬೇಕಾದಲ್ಲೆಲ್ಲ ಭಾಷೆ ಹೀಗೆ ಸೂಕ್ಷ್ಮವಾಗುತ್ತದೆ. ಕಪ್ಪೆಯ ಬಾಳಿನ ಹಂತಗಳೂ ನಮ್ಮ ಹಿರಿಯರಿಗೆ ಒಂದು ಕಾಲಕ್ಕೆ ಅಷ್ಟೇ ಹತ್ತಿರದವಾಗಿದ್ದವು.

ಹೆಸರಿನೊಳಗಿನ ಮೊಟ್ಟೆ

ಇನ್ನು ಹುಟ್ಟಿನ ವಿಚಾರ. ಬೇರೆ ಭಾಷೆಗಳು ಇದೇ ಪ್ರಾಣಿಯನ್ನು ಹೇಗೆ ಕಂಡವು ಎಂದು ಮೊದಲು ನೋಡೋಣ. ತೆಲುಗಿನಲ್ಲಿ ತೋಕಕಪ್ಪ, ಬಾಲದ ಕಪ್ಪೆ. ಮಲಯಾಳದಲ್ಲಿ ವಾಲ್‌ಮಾಕ್ರಿ, ಅಲ್ಲಿಯೂ ವಾಲ್ ಎಂದರೆ ಬಾಲ, ಮಾಕ್ರಿ ಎಂದರೆ ಕಪ್ಪೆ. ಇಬ್ಬರೂ ಬಾಲ ನೋಡಿ ಹೆಸರಿಟ್ಟರು. ತಮಿಳಿನ ತಲೈಪ್ಪಿರಟ್ಟೈ ತಲೆಯಿಂದ ಶುರುವಾಗುತ್ತದೆ. ಇಂಗ್ಲಿಷಿನ ಟ್ಯಾಡ್‌ಪೋಲ್ ನೆಲಗಪ್ಪೆ ಮತ್ತು ತಲೆ ಎಂಬ ಎರಡು ಹಳೆಯ ಮಾತುಗಳ ಜೋಡಣೆ. ಫ್ರೆಂಚಿನ ತೆತಾರ್ ಕೂಡ ತಲೆ ಎಂಬ ಪದದಿಂದಲೇ ಹುಟ್ಟಿದ್ದು. ಇವರೆಲ್ಲ ತಲೆ ನೋಡಿದವರು. ಗ್ರೀಕಿನ ಗ್ಯುರೀನೋಸ್ ಉರುಟು ಎಂಬ ಮಾತಿನಿಂದ ಬಂದಿದೆ; ಜರ್ಮನ್ನಿನ ಕೌಲ್‌ಕ್ವಾಪ್ಪೆ ಎಂಬುದರ ಮೊದಲ ಭಾಗಕ್ಕೆ ಗುಂಡು, ಉಂಡೆ ಎಂದರ್ಥ. ಇವರು ಉರುಟುತನ ನೋಡಿದವರು. ಸಂಸ್ಕೃತದ ಅಮರಕೋಶ ದೊಡ್ಡ ಕಪ್ಪೆಗೆ ಮಂಡೂಕ, ದರ್ದುರ, ಭೇಕ, ಪ್ಲವ, ಶಾಲೂರ, ವರ್ಷಾಭೂ ಎಂದು ಹೆಸರುಗಳ ಸಾಲನ್ನೇ ಕೊಡುತ್ತದೆ. ಆ ಸಾಲಿನಲ್ಲಿ ಬಾಲದ ಈ ಕೂಸಿಗೆ ಜಾಗವಿಲ್ಲ.

ಕನ್ನಡ ಯಾರ ಜೊತೆ ನಿಲ್ಲುತ್ತದೆ? ಉತ್ತರ ಮೊಟ್ಟೆ ಎಂಬ ಎರಡನೆಯ ಭಾಗದಲ್ಲಿದೆ. ಇಂದು ಮೊಟ್ಟೆ ಎಂದರೆ ಕೋಳಿ ಇಡುವುದು ಎಂದಷ್ಟೇ ಮನಸ್ಸಿಗೆ ಬರುತ್ತದೆ. ಆದರೆ ಮೊಟ್ಟೆಗೆ ಗಂಟು, ಹೊರೆ ಎಂಬ ಹಳೆಯ ಅರ್ಥವೂ ಇದೆ. ನಾವು ಈಗಲೂ ಆಡುವ ಮೂಟೆ ಅದರ ಬಳಗದ್ದು. ತಮಿಳಿನಲ್ಲಿ ಮುಟ್ಟೈ ಎಂದರೆ ತತ್ತಿ, ಮೂಟ್ಟೈ ಎಂದರೆ ಮೂಟೆ. ತುಂಬಿಕೊಂಡು ದುಂಡಗಾದದ್ದು ಎಂಬ ಭಾವ ಎರಡಕ್ಕೂ ಹೊಂದುತ್ತದೆ.

ನಮ್ಮ ದಾವಣಗೆರೆ ಜಿಲ್ಲೆಯ ಆಡುಮಾತಿನಲ್ಲೇ ಇದಕ್ಕೆ ಒಂದು ಸಾಕ್ಷಿ ಸಿಗುತ್ತದೆ. ಈ ಸೀಮೆಯ ಎಷ್ಟೋ ಮನೆಗಳಲ್ಲಿ ಕೋಳಿ ಇಡುವುದು ಮೊಟ್ಟೆಯನ್ನಲ್ಲ, ತತ್ತಿಯನ್ನು. "ಎರಡು ತತ್ತಿ ಕೊಡವ್ವ" ಎಂದು ಕೇಳುವ ಅದೇ ಬಾಯಿ ಹೊಂಡದ ಹತ್ತಿರ ಹೋದಾಗ ಗೊದಮೊಟ್ಟೆ ಎನ್ನುತ್ತದೆ. ಗೊದತತ್ತಿ ಎಂಬ ಮಾತನ್ನು ನನ್ನ ಕಿವಿ ಇಲ್ಲಿಯವರೆಗೆ ಕೇಳಿಲ್ಲ. ಹೆಸರಿನಲ್ಲಿರುವ ಮೊಟ್ಟೆ ನಿಜಕ್ಕೂ ತತ್ತಿಯೇ ಆಗಿದ್ದರೆ, ತತ್ತಿ ಎನ್ನುವ ಊರುಗಳಲ್ಲಿ ಅದು ಎಂದೋ ಬದಲಾಗಬೇಕಿತ್ತು. ಬದಲಾಗಿಲ್ಲ. ಆದ್ದರಿಂದ ಇಲ್ಲಿ ಮೊಟ್ಟೆ ಎಂದರೆ ತತ್ತಿಯಲ್ಲ, ಉರುಟು ಗಂಟು ಎಂದು ನಾನು ಓದುತ್ತೇನೆ. ಹಾಗೆ ಓದಿದರೆ ಕನ್ನಡ ಬಾಲವನ್ನೂ ತಲೆಯನ್ನೂ ಬಿಟ್ಟು, ಗ್ರೀಕರ ಹಾಗೆ, ಜರ್ಮನ್ನರ ಹಾಗೆ, ಆ ಜೀವದ ದುಂಡು ಮೈಯನ್ನು ಕಂಡಿತು. ಯಾರೂ ಯಾರಿಂದಲೂ ಸಾಲ ತರಲಿಲ್ಲ. ಅವರವರ ಹೊಂಡದಲ್ಲಿ ಅವರವರು ನೋಡಿದರು.

ಮೊದಲ ಭಾಗವಾದ ಗೊದ ಇಂದು ಒಂಟಿಯಾಗಿ ಬಳಕೆಯಲ್ಲಿಲ್ಲ. ಅದರ ಪಕ್ಕದಲ್ಲಿ ಕಾಣುವ ಮಾತು ಗೊದ್ದ, ಎಂದರೆ ದೊಡ್ಡ ಕರಿ ಇರುವೆ. ಹೊಂಡದ ಅಂಚಿನಲ್ಲಿ ಗೊದಮೊಟ್ಟೆಗಳು ಕರ‍್ರಗೆ ಮುತ್ತಿಕೊಂಡದ್ದನ್ನು ನೋಡಿದವರಿಗೆ ಬೆಲ್ಲಕ್ಕೆ ಮುತ್ತಿದ ಗೊದ್ದ ನೆನಪಾಗುವುದು ಸಹಜ. ಆದರೆ ಇದು ನನ್ನ ಊಹೆ, ಊಹೆಯನ್ನು ಊಹೆಯೆಂದೇ ಕೊಡಬೇಕು. ಪದಗಳ ಮೂಲ ಹುಡುಕುವವರು ಮೊದಲು ಕಲಿಯಬೇಕಾದ ಶಿಸ್ತು ಇದು. ಕಪ್ಪೆಚಿಪ್ಪು ಕಪ್ಪೆಯದಲ್ಲ, ನೀರಿನಲ್ಲಿರುವ ಮೃದ್ವಂಗಿಯೊಂದರದು. ಜರ್ಮನ್ ಪದದಲ್ಲಿರುವ ಕ್ವಾಪ್ಪೆ ಕಿವಿಗೆ ನಮ್ಮ ಕಪ್ಪೆಯಂತೆ ಕೇಳಿಸಿದರೂ ಎರಡಕ್ಕೂ ನಂಟಿಲ್ಲ. ಬಾದಾಮಿಯ ಬಂಡೆಯ ಮೇಲೆ, ಸುಮಾರು ಕ್ರಿ.ಶ. 700ರ ಶಾಸನದಲ್ಲಿ, ಕಪ್ಪೆ ಅರಭಟ್ಟನ ಹೆಸರಿದೆ. ಆ ಕಪ್ಪೆ ಈ ಕಪ್ಪೆಯೇ ಎಂದು ಸದ್ದಿನ ಬಲದಿಂದಷ್ಟೇ ಹೇಳಲಾಗದು. ಸದ್ದು ಕೂಡಿದರೆ ಸಾಲದು, ಅರ್ಥವೂ ಕೂಡಬೇಕು, ನಡುವಿನ ರೂಪಗಳೂ ಸಿಗಬೇಕು.

ಆ ನಡುವಿನ ರೂಪಗಳು ಸಿಗುವುದು ಎಲ್ಲಿ? ಫರ್ಡಿನಾಂಡ್ ಕಿಟ್ಟೆಲ್ 1894ರಲ್ಲಿ ಮಂಗಳೂರಿನಿಂದ ತಮ್ಮ ನಿಘಂಟನ್ನು ಹೊರತಂದಾಗಲಿ, ಕನ್ನಡ ಸಾಹಿತ್ಯ ಪರಿಷತ್ತು ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಮುಗಿಸಿದಾಗಲಿ, ಜಿ. ವೆಂಕಟಸುಬ್ಬಯ್ಯನವರು ಇಗೋ ಕನ್ನಡ ಅಂಕಣದಲ್ಲಿ ಓದುಗರ ಪ್ರಶ್ನೆಗೆ ಉತ್ತರ ಕೊಟ್ಟಾಗಲಿ, ಅವರೆಲ್ಲ ಪುಸ್ತಕದ ಜೊತೆಗೆ ಜನರ ಬಾಯನ್ನೂ ನಂಬಿದ್ದರು. ಕಾವ್ಯದಲ್ಲಿ ಸಿಂಹಕ್ಕೆ, ಆನೆಗೆ, ಹಂಸಕ್ಕೆ ಇದ್ದಷ್ಟು ಜಾಗ ಗೊದಮೊಟ್ಟೆಗೆ ಇರಲಿಲ್ಲ. ಅದನ್ನು ಉಳಿಸಿದವರು ದನ ಕಾಯುವ ಹುಡುಗರು, ಗದ್ದೆಯಲ್ಲಿ ನಾಟಿ ಹಾಕುವ ಹೆಣ್ಣುಮಕ್ಕಳು. ಹೀಗಾಗಿ ಈ ಪದದ ಶಾಸನ ಇರುವುದು ನಾಲಿಗೆಯ ಮೇಲೆ.

ಬಾಟಲಿಯಲ್ಲಿ ಕಲಿತ ಪಾಠ

ಈ ಪದ ನನಗೆ ಸಿಕ್ಕಿದ್ದು ಅಜ್ಜಿಯಿಂದ. ಏಳೆಂಟು ವರ್ಷದವನಿದ್ದಾಗ ಗದ್ದೆಯ ಬಸಿಗಾಲುವೆಯಿಂದ ಬೊಗಸೆಯಲ್ಲಿ ಹಿಡಿದು ತಂದು, "ಅಜ್ಜೀ, ಕಪ್ಪೆಮರಿ ತಂದೆ" ಎಂದೆ. ಅವಳು ಬಗ್ಗಿ ನೋಡಿ, "ಅದು ಇನ್ನೂ ಕಪ್ಪೆ ಆಗಿಲ್ಲ ಕಣೋ, ಗೊದಮೊಟ್ಟೆ ಅದು" ಎಂದಳು. ನಾನು ಅವನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕಿ ಕಿಟಕಿಯಲ್ಲಿಟ್ಟೆ. ದಿನವೂ ಕಾಲು ಮೂಡಿತೇ ಎಂದು ನೋಡುವುದೇ ಕೆಲಸವಾಯಿತು. ಕಾಲು ಮೂಡಿದವು, ಬಾಲ ಕುಗ್ಗಿತು. ಒಂದು ಬೆಳಗ್ಗೆ ಎಲ್ಲವೂ ಸತ್ತು ತೇಲುತ್ತಿದ್ದವು. ಗೊದಮೊಟ್ಟೆಗೆ ನೀರು ಸಾಕು, ಮರಿಗೆ ಹತ್ತಿ ಕೂರಲು ಒಂದು ಕಲ್ಲು ಬೇಕು ಎಂಬುದು ನನಗೆ ಹೊಳೆದಿರಲಿಲ್ಲ. ಉಸಿರು ಗಾಳಿಗೆ ಬದಲಾದ ಮೇಲೆ ಅವು ಆ ನೀರಿನಲ್ಲೇ ಮುಳುಗಿದ್ದವು. ಅಜ್ಜಿ ಎರಡು ಹೆಸರುಗಳನ್ನು ಬೇರೆ ಮಾಡಿ ಹೇಳಿದ್ದರ ಬೆಲೆ ನನಗೆ ಗೊತ್ತಾದದ್ದು ಅವತ್ತು. ಹೆಸರು ಬೇರೆಯಾದರೆ ಬೇಕಾದದ್ದೂ ಬೇರೆ.

ಗೊದಮೊಟ್ಟೆ ಕಪ್ಪೆಯಾಗುವ ಇದೇ ಹೊಸ್ತಿಲಲ್ಲಿ ವಿಜ್ಞಾನವೂ ನಿಂತು ಬಹಳ ಕಲಿತಿದೆ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯ ಚೂರುಗಳನ್ನು ತಿನ್ನಿಸಿದರು. ಅವು ಬೆಳೆಯುವ ಮೊದಲೇ ರೂಪ ಬದಲಿಸಿ ತೀರಾ ಪುಟ್ಟ ಕಪ್ಪೆಗಳಾದವು. ನಮ್ಮ ಕುತ್ತಿಗೆಯಲ್ಲಿರುವ ಅದೇ ಗ್ರಂಥಿ, ಅಯೋಡಿನ್ ಇರುವ ಅದೇ ರಸ, ಗೊದಮೊಟ್ಟೆಯನ್ನು ಕಪ್ಪೆಯಾಗಿಸುತ್ತದೆ. ಗಳಗಂಡ ಬಾರದಿರಲೆಂದು ಅಡುಗೆಗೆ ಅಯೋಡಿನ್ ಉಪ್ಪು ಹಾಕುವ ತಾಯಿಗೂ ಗೋಕಟ್ಟೆಯ ಈ ಜೀವಕ್ಕೂ ಹೀಗೊಂದು ನಂಟಿದೆ.

ಕನ್ನಡ ನಾಡಿನಲ್ಲೇ ಕಪ್ಪೆ, ಗೊದಮೊಟ್ಟೆಗಳ ಅಧ್ಯಯನ ಮಾಡಿದವರಲ್ಲಿ ದೊಡ್ಡ ಹೆಸರು ಸಿ.ಆರ್. ನಾರಾಯಣರಾವ್ ಅವರದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿದವರು, 1932ರಲ್ಲಿ ಶುರುವಾದ ಕರೆಂಟ್ ಸೈನ್ಸ್ ಪತ್ರಿಕೆಯ ಮೊದಲ ಸಂಪಾದಕರು. ದಕ್ಷಿಣ ಭಾರತದ ಕಪ್ಪೆಗಳನ್ನು ಮಾತ್ರವಲ್ಲ, ಗೊದಮೊಟ್ಟೆಗಳನ್ನೂ ಕೂತು ನೋಡಿ ಬರೆದವರು. ಅವರ ನೆನಪಿಗಾಗಿ 2010ರಲ್ಲಿ ಒಂದು ಪೊದೆಗಪ್ಪೆ ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಹೆಸರಿಟ್ಟರು. ಪಶ್ಚಿಮಘಟ್ಟದ ಈ ಕಪ್ಪೆಗಳಲ್ಲಿ ನೀರಿನಲ್ಲಿ ಈಜುವ ಗೊದಮೊಟ್ಟೆಯ ಹಂತವೇ ಇಲ್ಲ. ರೂಪ ಬದಲಾಗುವುದೆಲ್ಲ ಮೊಟ್ಟೆಯೊಳಗೇ ಮುಗಿದು ನೇರವಾಗಿ ಮರಿ ಹೊರಬರುತ್ತದೆ. ಕನ್ನಡದಲ್ಲಿ ಈ ಸಂಗತಿಯನ್ನು ಹೇಳಲು ಮೂರು ಪದಗಳೂ ಬೇಕು. ಗೊದಮೊಟ್ಟೆಯನ್ನು ಕಪ್ಪೆಮರಿ ಎಂದು ಕರೆದುಬಿಟ್ಟರೆ, "ಇವುಗಳಿಗೆ ಮರಿಯುಂಟು, ಗೊದಮೊಟ್ಟೆಯಿಲ್ಲ" ಎಂಬ ಸರಳ ವಾಕ್ಯವನ್ನೇ ಬರೆಯಲಾಗುವುದಿಲ್ಲ.

ನಮ್ಮ ಮಾತು ವಿಜ್ಞಾನದೊಳಕ್ಕೆ ಹೋದ ಉದಾಹರಣೆಯೂ ಇದೆ. ಉತ್ತರ ಕನ್ನಡದ ಕಾಡಿನಲ್ಲಿ ಗಂಡು ಮೊಟ್ಟೆಗಳ ಮೇಲೆ ಕೈಯಿಂದ ಕೆಸರು ಮೆತ್ತುವ ಒಂದು ಕಪ್ಪೆ ಜಾತಿ ಇದೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ಅದನ್ನು ವಿವರಿಸಿದಾಗ ಲ್ಯಾಟಿನ್ ಹೆಸರಿನಲ್ಲಿ ಕುಂಬಾರ ಎಂಬ ಕನ್ನಡ ಪದವನ್ನೇ ಕೂರಿಸಿದರು. ಮಡಕೆ ಮಾಡುವವನ ಕೈಯನ್ನು ಬಲ್ಲವರಿಗಷ್ಟೇ ಹೊಳೆಯುವ ಹೆಸರು ಅದು.

ನಾಲ್ಕು ತಾಲ್ಲೂಕಿನ ನೀರು

ಇಲ್ಲಿ ಕೂತಿರುವ ನಾಲ್ಕು ತಾಲ್ಲೂಕಿನವರ ನೀರು ಒಂದೇ ಬಗೆಯದಲ್ಲ. ಚನ್ನಗಿರಿಗೆ ಶಾಂತಿಸಾಗರವಿದೆ, ಶಾಂತವ್ವನ ಕತೆಯೊಂದಿಗೆ ಜನ ಸೂಳೆಕೆರೆ ಎಂದೇ ಕರೆಯುವ, ಏಷ್ಯಾದ ದೊಡ್ಡ ಕೆರೆಗಳಲ್ಲಿ ಒಂದಾದ ನೀರು. ಜೊತೆಗೆ ಭದ್ರಾ ನಾಲೆ, ತೋಟದ ಬಸಿಗಾಲುವೆ. ಹೊನ್ನಾಳಿಗೆ ತುಂಗಭದ್ರೆಯ ದಂಡೆ, ಗದ್ದೆಯ ನಿಂತ ನೀರು. ನ್ಯಾಮತಿಗೆ ತೀರ್ಥರಾಮೇಶ್ವರದ ಬೆಟ್ಟಸಾಲಿನ ಹಳ್ಳಗಳು. ಜಗಳೂರಿಗೆ ಗೋಕಟ್ಟೆ, ಮಳೆ ಬಿದ್ದ ಮೇಲೆ ಕೆಲವೇ ವಾರ ನಿಲ್ಲುವ ಗುಂಡಿ.

ಜಗಳೂರಿನ ಆ ಗುಂಡಿಯನ್ನು ಹಗುರವಾಗಿ ಕಾಣಬೇಡಿ. ಬರದ ಸೀಮೆಯಲ್ಲಿ ಮಣ್ಣು ತೋಡಿಕೊಂಡು ತಿಂಗಳುಗಟ್ಟಲೆ ಒಳಗೆ ಕೂರುವ ಕಪ್ಪೆಗಳಿವೆ. ಮೊದಲ ಜೋರು ಮಳೆಗೆ ಮೇಲೆದ್ದು ಬಂದು ಅದೇ ರಾತ್ರಿ ಮೊಟ್ಟೆಯಿಡುತ್ತವೆ. ಅಲ್ಲಿಂದ ಮುಂದೆ ಗೊದಮೊಟ್ಟೆಗೂ ಬಿಸಿಲಿಗೂ ಪಂದ್ಯ: ಗುಂಡಿ ಒಣಗುವುದರೊಳಗೆ ಕಾಲು ಮೂಡಬೇಕು. ದೊಡ್ಡ ಕೆರೆಯಲ್ಲಿ ಮೀನು ಗೊದಮೊಟ್ಟೆಯನ್ನು ತಿನ್ನುತ್ತದೆ; ಈ ಪುಟ್ಟ ಗುಂಡಿಯಲ್ಲಿ ಮೀನಿಲ್ಲ. ಹೀಗಾಗಿ ನಾವು ಮುಚ್ಚಿ ಮಟ್ಟ ಮಾಡುವ ತಗ್ಗು ಕಪ್ಪೆಗೆ ತೊಟ್ಟಿಲು. ತುಂಗಭದ್ರೆಯ ನೀರನ್ನು ಮೇಲೆತ್ತಿ ಜಗಳೂರಿನ ಕೆರೆಗಳನ್ನು ತುಂಬಿಸುವ ಕೆಲಸ ಈ ಸೀಮೆಗೆ ದೊಡ್ಡ ಭಾಗ್ಯ. ಕೆರೆ ತುಂಬಿದ ಸಂತೋಷದಲ್ಲಿ ಗೋಕಟ್ಟೆಯನ್ನು ಮರೆಯದಿರೋಣ ಎಂದು ಕೇಳಿಕೊಳ್ಳುತ್ತೇನೆ.

ಹಳದಿ ಬಣ್ಣ ತಳೆದು ಮಳೆಯಲ್ಲಿ ಕೂಗುವ ಗೋಂಕರುಕಪ್ಪೆಯ ಗೊದಮೊಟ್ಟೆ ಪಾಚಿ ತಿನ್ನುವ ಜಾತಿಯಲ್ಲ. ಅದು ಸೊಳ್ಳೆಮರಿಯನ್ನೂ ಬೇರೆ ಗೊದಮೊಟ್ಟೆಯನ್ನೂ ಹಿಡಿದು ತಿನ್ನುತ್ತದೆ. ಇದೇ ಕಪ್ಪೆಯ ಕಾಲುಗಳನ್ನು ಒಂದು ಕಾಲಕ್ಕೆ ಟನ್ನುಗಟ್ಟಲೆ ಹೊರದೇಶಕ್ಕೆ ಕಳಿಸುತ್ತಿದ್ದೆವು. ಗದ್ದೆಯ ಕೀಟ ತಿನ್ನುವವರೇ ಇಲ್ಲವಾಗುತ್ತಾರೆಂಬುದು ಅರಿವಾದ ಮೇಲೆ, 1987ರಲ್ಲಿ ಭಾರತ ಆ ರಫ್ತನ್ನು ನಿಲ್ಲಿಸಿತು.

ಕಪ್ಪೆಯನ್ನು ಕಾಯುವ ಮಾತು ಜನರ ನಂಬಿಕೆಯಲ್ಲೂ ಇದೆ. ನಮ್ಮ ಹೊಳೆಯ ಮೇಲ್ಭಾಗದಲ್ಲಿ, ಶೃಂಗೇರಿಯ ತುಂಗಾತೀರದ ಮೆಟ್ಟಿಲ ಬಳಿ, ಕಪ್ಪೆ ಶಂಕರನ ಗುಡಿಯಿದೆ. ಬಿಸಿಲಿನಲ್ಲಿ ಬಸಿರಿನ ನೋವು ಪಡುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆ ಬಿಚ್ಚಿ ನೆರಳು ಕೊಟ್ಟಿತು ಎಂಬ ನಂಬಿಕೆ ಅಲ್ಲಿ ಕಲ್ಲಾಗಿ ನಿಂತಿದೆ. ಆ ಮೆಟ್ಟಿಲು ತೊಳೆದ ನೀರೇ ಶಿವಮೊಗ್ಗ ದಾಟಿ, ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಹೊನ್ನಾಳಿಗೆ ಬರುತ್ತದೆ. ಹಾವು ತನ್ನ ಆಹಾರಕ್ಕೆ ನೆರಳಾದ ಕತೆಯನ್ನು ಕಟ್ಟಿದ ಜನ, ಮೊಟ್ಟೆಯಿಡುವ ಗಳಿಗೆಯನ್ನು ಎಷ್ಟು ಪವಿತ್ರವೆಂದು ಬಗೆದಿದ್ದರು ಎಂಬುದನ್ನು ಯೋಚಿಸಿ.

ನಾಲ್ಕು ಕಾಲಮ್ಮಿನ ಪುಸ್ತಕ

ಈಗ ಕೆಲಸದ ಮಾತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಗುವ ಮುಂಚೆ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ನ್ಯಾಮತಿ ಹೊನ್ನಾಳಿಯೊಳಗೇ ಇದ್ದು ಈಚೆಗೆ ಬೇರೆ ತಾಲ್ಲೂಕಾಯಿತು. ಮಲೆನಾಡ ಸೆರಗಿನ ಮಾತು, ಬಯಲುಸೀಮೆಯ ಮಾತು ಎರಡೂ ಇಲ್ಲಿ ಕೂಡುತ್ತವೆ. ಒಂದು ಪದದ ರೂಪಗಳನ್ನು ಕೂಡಿಸಲು ಇದಕ್ಕಿಂತ ಒಳ್ಳೆಯ ನೆಲ ಬೇಕೆ?

ಅಧ್ಯಾಪಕರೆ, ಪ್ರತಿ ಶಾಲೆಯಲ್ಲೂ ಒಂದು ನೋಟ್‌ಪುಸ್ತಕ ಇಡಿ. ನಾಲ್ಕು ಕಾಲಮ್ಮು ಸಾಕು: ಊರು, ಹೇಳಿದವರ ವಯಸ್ಸು, ಅವರ ಬಾಯಿಂದ ಬಂದ ಪದ, ಯಾವ ನೀರಿನಲ್ಲಿ ಕಂಡದ್ದು. ಪದವನ್ನು ತಿದ್ದಬೇಡಿ. ದ ಒತ್ತಿ ಹೇಳಿದರೆ ಒತ್ತಿಯೇ ಬರೆಯಿರಿ, ಎಳೆದರೆ ಎಳೆದೇ ಬರೆಯಿರಿ. ಲಂಬಾಣಿ ತಾಂಡಾದ ಮಗು, ಉರ್ದು ಮನೆಮಾತಿನ ಮಗು ತನ್ನ ಮನೆಯ ಪದ ತಂದರೆ ಅದಕ್ಕೂ ಅದೇ ಸಾಲಿನಲ್ಲಿ ಜಾಗ ಕೊಡಿ. ಗೊದ್ದ ಮತ್ತು ಗೊದಮೊಟ್ಟೆಯ ನಂಟು ನಿಜವೋ ಅಲ್ಲವೋ ಎಂಬುದನ್ನು ನನ್ನ ಊಹೆಗಿಂತ ಆ ಪುಸ್ತಕ ಚೆನ್ನಾಗಿ ಹೇಳುತ್ತದೆ. ನೋಡಲು ಹಿಡಿದ ಗೊದಮೊಟ್ಟೆಯನ್ನು ಸಂಜೆಯೊಳಗೆ ಹಿಡಿದ ನೀರಿಗೇ ಬಿಡಿ. ಬೇರೆ ಹೊಂಡಕ್ಕೆ ಹಾಕಿದರೆ ರೋಗ ಹೊತ್ತು ಹಾಕಿದಂತಾದೀತು. ನಾಲ್ಕು ದಿನ ಇಟ್ಟುಕೊಳ್ಳಲೇಬೇಕಾದರೆ, ನೀರಿನ ಮೇಲೆ ತಲೆಯೆತ್ತುವಂಥ ಒಂದು ಕಲ್ಲನ್ನು ಮರೆಯಬೇಡಿ.

ಕನ್ನಡ ಪಠ್ಯದಲ್ಲಿ ಗೊದಮೊಟ್ಟೆ ಎಂಬ ಪದ ಇದೆ. ಪರೀಕ್ಷೆಗೆ ಮಕ್ಕಳು ಅದನ್ನು ಬರೆಯುತ್ತಾರೆ. ಆದರೆ ಪುಸ್ತಕದ ಪುಟದಲ್ಲಿ ಮಾತ್ರ ಕಂಡವರಿಗೆ ಅದು ಮೊಟ್ಟೆಯೋ ಮರಿಯೋ ಎಂಬ ಗೊಂದಲ ಉಳಿಯುತ್ತದೆ. ಆ ಹುಡುಗಿಯ ಪ್ರಶ್ನೆ ಹುಟ್ಟಿದ್ದು ಅಲ್ಲಿಯೇ. ಅವಳ ಅಜ್ಜಿಗೆ ಅದು ಪ್ರಶ್ನೆಯೇ ಆಗಿರಲಿಕ್ಕಿಲ್ಲ.

ಮಗೂ, ನೀನು ಈ ಸಭೆಯಲ್ಲಿ ಇದ್ದರೆ ಕೇಳಿಸಿಕೊ. ಅದು ಮೊಟ್ಟೆಯಲ್ಲ, ಮೊಟ್ಟೆ ಒಡೆದು ಬಂದದ್ದು. ಅದು ಕಪ್ಪೆಮರಿಯೂ ಅಲ್ಲ, ಇನ್ನು ಮುಂದೆ ಆಗಲಿಕ್ಕಿರುವುದು. ಹೆಸರಿನಲ್ಲಿರುವ ಮೊಟ್ಟೆ ಎಂದರೆ ಉರುಟು ಗಂಟು ಎಂದು ನಾನು ತಿಳಿದಿದ್ದೇನೆ. ನಿಮ್ಮೂರ ಹೊಂಡಕ್ಕೆ ಹೋಗಿ ಅದರ ಮೈಯನ್ನು ನೋಡು, ನಿಮ್ಮಜ್ಜಿ ಅದನ್ನು ಏನೆಂದು ಕರೆಯುತ್ತಾಳೆಂದು ಕೇಳು, ಬರೆದಿಡು. ಮುಂದಿನ ಸಲ ನಾನು ಬಂದಾಗ ಆ ಪುಸ್ತಕವನ್ನು ನೋಡಿ ನನ್ನ ತಪ್ಪಿದ್ದರೆ ತಿದ್ದಿಕೊಳ್ಳುತ್ತೇನೆ.